ಚೆನ್ನಪ್ಪನ ಮೀನಿನ ಸೈಕಲ್

"ಇನ್ನು ಮಂಗಳೂರಿಗೆ ಸೈಕಲ್ಲೇ ಗತಿ!" ಎಂದು ದೋಣಿಗಳು ಬಂದು ನಿಲ್ಲುವ ದಕ್ಕೆಯ ಮೀನು ವ್ಯಾಪಾರಿ ಚೆನ್ನಪ್ಪ ಘೋಷಿಸಿಯೇ ಬಿಟ್ಟ. ಮಹಾಯುದ್ಧದಿಂದಾಗಿ ಪೆಟ್ರೋಲ್ ಇಲ್ಲ, ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಕೆಮ್ಮುತ್ತ ಕುಂಟುತ್ತಿವೆ. ವಿಲ್ಲಿಯ ಅಂಗಡಿಯಿಂದ ಬಾಡಿಗೆ ಸೈಕಲ್ ತಂದು, ನಾಲ್ಕು ದಿನ ಮೈದಾನದಲ್ಲಿ ಬಿದ್ದೆದ್ದು ಕಲಿತದ್ದೂ ಆಗಿತ್ತು. ಈಗ ಅವನ ಕಣ್ಣಿಗೆ ನಡೆದು ಹೋಗುವವರೆಲ್ಲ ಪಾಪದವರು!

"ಇನ್ನು ನಿನ್ನ ತಲೆಗೆ ಬುಟ್ಟಿ ಬೇಡ ಮಾರಾಯ್ತಿ," ಎಂದ ಹೆಂಡತಿ ಸುಂದರಿಯ ಬಳಿ. "ನೀನು ನಡೆದು ಕೊಡಿಯಾಲ್‌ಬೈಲ್ ಮುಟ್ಟುವುದರೊಳಗೆ ನಾನು ಎಲ್ಲ ಮಾರಿ ಮುಗಿಸಿರ್ತೇನೆ!"

ಇಪ್ಪತ್ತು ವರ್ಷ ಆ ಬೀದಿಗಳಲ್ಲೇ ಮೀನು ಮಾರಿದ ಹೆಂಗಸು ಸುಂದರಿ. "ನಾಳೆ ನೋಡುವ. ನಾನೂ ಬುಟ್ಟಿ ಹೊತ್ತು ಹಿಂದಿನಿಂದ ಬರ್ತೇನೆ. ನಿಮ್ಮ ಬುಟ್ಟಿಯಲ್ಲಿ ಒಂದು ಮೀನು ಉಳಿದರೂ ಸೈಕಲ್ ವಿಲ್ಲಿಗೆ ವಾಪಸ್. ಒಪ್ಪಿಗೆಯಾ?"

"ಒಪ್ಪಿದೆ!"

ಒಪ್ಪಿದ ಮೇಲೆ ಯೋಚನೆ ಹತ್ತಿತು. ಮಾನ ಹೋದರೆ ಹೋಗಲಿ, ಸೈಕಲ್ ಬಿಟ್ಟು ಬದುಕುವುದು ಹೇಗೆ!

ಬೆಳಿಗ್ಗೆ ದಕ್ಕೆಯಲ್ಲಿ ಹಿಂದಿನ ಕ್ಯಾರಿಯರಿಗೆ ಬಂಗುಡೆ ಮೀನು ತುಂಬಿದ ದೊಡ್ಡ ಬುಟ್ಟಿ ಬಿಗಿದರು. ಇಬ್ಬರು ಸೈಕಲ್ ಹಿಡಿದುಕೊಂಡರು, ಮೂರನೆಯವನು ಚೆನ್ನಪ್ಪನನ್ನು ಎತ್ತಿ ಸೀಟಿನ ಮೇಲೆ ಕೂರಿಸಿದ. ಮದುವೆಯ ದಿನವೂ ಅವನಿಗೆ ಅಷ್ಟು ಉಪಚಾರ ಆಗಿರಲಿಲ್ಲ! ಟ್ರಿಣ್ ಟ್ರಿಣ್! ಹೊರಟೇ ಬಿಟ್ಟ.

ಕೊಡಿಯಾಲ್‌ಬೈಲಿನಲ್ಲಿ ಬೆಲ್ಲೂ "ಬಂಗುಡೆ, ಬಂಗುಡೆ!" ಎಂಬ ಕೂಗೂ ಕೇಳಿ ಫ್ಲಾವಿಯಾ ಬಾಯಮ್ಮ ಪಾತ್ರೆ ಹಿಡಿದು ಗೇಟಿಗೆ ಓಡಿ ಬಂದರು.

"ಫ್ರೆಶ್ ಉಂಟಾ ಚೆನ್ನಪ್ಪ?"

"ಫಸ್ಟ್ ಕ್ಲಾಸ್ ಬಾಯಮ್ಮ!" ಎಂದು ಇಳಿಯಲು ಬಲಗಾಲನ್ನು ಹಿಂದಕ್ಕೆ ಎತ್ತಿದ. ಕಾಲು ಬುಟ್ಟಿಗೆ ಬಡಿಯಿತು! ಮೈದಾನದಲ್ಲಿ ಅವನು ಕಲಿತದ್ದು ಹಿಂದಿನಿಂದ ಕಾಲು ತಿರುಗಿಸಿ ಇಳಿಯುವ ಒಂದೇ ವಿದ್ಯೆ. ಆಗ ಹಿಂದೆ ಬುಟ್ಟಿ ಇರಲಿಲ್ಲ. ನಿಲ್ಲಿಸಿ ಕಾಲೂರೋಣವೆಂದರೆ ಸೈಕಲ್ ಎತ್ತರ, ಚೆನ್ನಪ್ಪ ಗಿಡ್ಡ!

"ನಿಲ್ಲು ಮಾರಾಯ!"

"ಈಗ ಬಂದೆ ಬಾಯಮ್ಮ, ಒಂದು ಸುತ್ತು ಹಾಕಿ!"

ಮುಂದಿನ ಮನೆಯ ಹವ್ವಮ್ಮನಿಗೂ ಅದೇ ಉತ್ತರ. ಎರಡನೇ ಸುತ್ತಿಗೆ ಬೀದಿಯ ಹೆಂಗಸರೆಲ್ಲ ಪಾತ್ರೆ ಸಮೇತ ಹೊರಗೆ! ಕೇರಿಯ ಬೆಕ್ಕುಗಳೆಲ್ಲ ಸೈಕಲ್ಲಿನ ಹಿಂದೆ! "ಇವ ಮೀನು ಮಾರಲಿಕ್ಕೆ ಬಂದದ್ದಾ, ತೋರಿಸಲಿಕ್ಕೆ ಬಂದದ್ದಾ?" ಎಂದು ಹವ್ವಮ್ಮ ಗದರಿದರು. ಚೆನ್ನಪ್ಪನಿಗೆ ಬೆವರು ಕಿತ್ತುಕೊಂಡು ಬಂತು.

ಎಷ್ಟನೆಯದೋ ಸುತ್ತಿನಲ್ಲಿ ಹೆಲನ್ ಟೀಚರ ದಾಸವಾಳದ ಬೇಲಿಯೇ ಕರುಣೆ ತೋರಿ ಅವನನ್ನು ಸೈಕಲ್ ಸಮೇತ ಹಿಡಿದು ನಿಲ್ಲಿಸಿತು. ಬುಟ್ಟಿ ಭದ್ರ. ಒಂದೇ ಒಂದು ಮೀನು ಖರ್ಚಾಗಿರಲಿಲ್ಲ. ತಲೆಯ ಮೇಲಿನ ಎಲೆ ಕೊಡವಿ ನೋಡುತ್ತಾನೆ, ಬೀದಿಯ ನಡುವೆ ಸುಂದರಿ ಕೂತಿದ್ದಾಳೆ. ಸುತ್ತ ಅವನೇ ಹೊರಗೆ ಕರೆಸಿದ ಹೆಂಗಸರು. ಅವಳ ಬುಟ್ಟಿ ಖಾಲಿ! ಅವಳು ಎದ್ದು ಬಂದು ಅವನ ಬುಟ್ಟಿಯನ್ನೂ ಬಿಚ್ಚಿಕೊಂಡು ಹೋಗಿ, ಕೂತಲ್ಲೇ ಅದನ್ನೂ ಮಾರಿ ಮುಗಿಸಿದಳು.

ಚೆನ್ನಪ್ಪನಿಗೆ ಅಳುವುದೊಂದೇ ಬಾಕಿ. "ಆಯ್ತು, ಸೋತೆ. ಸೈಕಲ್ ವಿಲ್ಲಿಗೆ ಕೊಟ್ಟು ಬರ್ತೇನೆ."

"ಎಂತಕ್ಕೆ?" ಎಂದಳು ಸುಂದರಿ. "ಒಂದೊಂದೇ ಗೇಟಿನಲ್ಲಿ ನಿಂತು ನಾನು ಗಂಟಲು ಹರಿದುಕೊಂಡದ್ದು ಸಾಕು. ನಾಳೆಯೂ ಬನ್ನಿ. ಬುಟ್ಟಿ ಬೇಡ, ಇಳಿಯುವುದೂ ಬೇಡ. ನೀವು ಬೆಲ್ಲು ಹೊಡೆಯುತ್ತ ಮುಂದೆ ಹೋಗ್ತಾ ಇರಿ, ಮೀನು ನಾನು ಮಾರ್ತೇನೆ!"