ಸ್ಮಶಾನದ ದಾರಿ ಕೇಳಿದರೆ ಹಸು ತೆರೆದ ಎಡಿಟರಿಗೆ

ಅರಸೀಕೆರೆ, ಜುಲೈ 2003

ನಮ್ಮ ಸಂಘದ ಏಕೈಕ ಕಂಪ್ಯೂಟರಿನಲ್ಲಿ ಹೋದ ತಿಂಗಳಿಂದ ಬಿಜಯಂಗೈದಿರುವ ಟೆಕ್ಸ್ಟ್ ಎಡಿಟರಿನ ಹೊಸ ಆವೃತ್ತಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಶರಣು. ತಾವು ಕ್ಷೇಮವೆಂದು ನಂಬಿದ್ದೇವೆ. ತಮ್ಮನ್ನು ಹಾಕಿಸಿಕೊಂಡ ನಾವು ಅಷ್ಟಾಗಿ ಇಲ್ಲ.

ಊರೂರಿನವರ ಅರ್ಜಿ ಬರೆದೂ ಬರೆದೂ ನಮ್ಮ ಬೆನ್ನು ಎಷ್ಟು ಬಾಗಿದೆಯೆಂದರೆ, ಕಂಪ್ಯೂಟರಿನ ಕಡತಕ್ಕೆ ಹೆಸರಿಡುವಾಗಲೂ ‘ಮಾನ್ಯ ಸಾಹೇಬರಲ್ಲಿ’ ಎಂದೇ ಶುರುಮಾಡುತ್ತೇವೆ. ನೂರಾ ನಲವತ್ತು ಕಡತಗಳಿಗೂ ತಲೆ ಒಂದೇ, ಬಾಲ ಬೇರೆ. ತಮ್ಮ ಹಿರಿಯರಾದ ಹಳೆಯ ಆವೃತ್ತಿಯವರು, ಕಡತ ತೆರೆಯಲು ಮೊದಲಕ್ಷರ ಒತ್ತಿ ಟ್ಯಾಬ್ ಕೀಲಿ ತಟ್ಟಿದರೆ ಎಲ್ಲ ಹೆಸರಿಗೂ ಸಮನಾದಷ್ಟನ್ನು ತುಂಬಿ, ಇವುಗಳಲ್ಲಿ ಯಾವುದೆಂದು ಪಟ್ಟಿ ಹರಡಿ ಕಾಯುತ್ತಿದ್ದರು. ತಾವಾದರೋ ಕೇಳದೆಯೇ ಸಾಲಿನಲ್ಲಿ ಮೊದಲು ನಿಂತವನ ಹೆಸರನ್ನು ಪೂರ್ತಿ ತುಂಬಿಬಿಡುತ್ತೀರಿ. ಮೊದಲು ನಿಂತವನಿಗೇ ಎಲ್ಲವನ್ನೂ ಬರೆದುಕೊಡುವ ಪದ್ಧತಿಯನ್ನು ತಾವು ಎಲ್ಲಿ ಕಲಿತಿರೆಂದು ನಾವು ಕೇಳುವುದಿಲ್ಲ, ನಮಗೆ ಗೊತ್ತಿದೆ.

ಕಣಕಟ್ಟೆ ಕಡೆಯ ಸಣ್ಣತಾಯಮ್ಮನವರು, ತಮ್ಮ ಕೇರಿಯಿಂದ ಸ್ಮಶಾನಕ್ಕಿರುವ ದಾರಿಗೆ ಬಿದ್ದ ಬೇಲಿ ತೆಗೆಸಿ ಎಂದು ಹನ್ನೊಂದು ವರ್ಷದಿಂದ ಅರ್ಜಿ ಹಾಕುತ್ತಿದ್ದಾರೆ. ಗಂಡನ ಹೆಣ ರಾಗಿ ಹೊಲದ ಬದುವಿನ ಮೇಲೆ ವಾಲಾಡಿಕೊಂಡು ಹೋದದ್ದನ್ನು ಕಂಡ ಹೆಂಗಸು ಅವರು. ತಾಲ್ಲೂಕು ಕಚೇರಿಯ ಉತ್ತರ ಒಂದೇ: ಅಲ್ಲಿ ದಾರಿಯೇ ಇಲ್ಲ. ಮೊನ್ನೆ ತಾವು ದಯಮಾಡಿ ತೆರೆದದ್ದು ಅವರ ‘ಸ್ಮಶಾನದ ದಾರಿ’ಯನ್ನಲ್ಲ, ಅದೇ ಊರಿನ ಕೆಂಚಯ್ಯನವರ ‘ಕಳೆದ ಹಸು’ವನ್ನು. ತಾರೀಖು ಬದಲಿಸಿ, ಆಯಮ್ಮನ ಹೆಬ್ಬೆಟ್ಟು ಒತ್ತಿಸಿ ಕಳಿಸಿದೆವು. ಹನ್ನೊಂದು ವರ್ಷದಿಂದ ಕಚೇರಿಯವರು ಓದುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಾವೂ ಓದುವುದನ್ನು ಬಿಟ್ಟಿದ್ದೆವು.

ಹಸುವನ್ನು ಮಾತ್ರ ಓದಿದರು. ಮೂರೇ ದಿನಕ್ಕೆ ಜೀಪು ಬಂತು. ಹಸು ಸ್ಮಶಾನದ ಕಡೆ ಹೋಯಿತೆಂದು ಅರ್ಜಿಯಲ್ಲಿದ್ದುದರಿಂದ ಸಾಹೇಬರು ಅತ್ತಲೇ ನಡೆದರು. “ಹೆಣ ಹೊರಾಕೆ ದಾರಿ ಕೇಳಿದ್ರೆ ಹಸ ಹುಡುಕ್ತಾವ್ರಲ್ಲಪ್ಪ, ನಮ್ಮನೇಲಿ ಹಸ ಯಾವತ್ತಿತ್ತು?” ಎಂದು ಸಣ್ಣತಾಯಮ್ಮನವರು ನೆಟ್ಟಗೆ ನಮ್ಮಲ್ಲಿಗೆ ಬಂದರು.

ತಪ್ಪು ಯಾರದೆಂದು ತಿಳಿಯಲು ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ನಮ್ಮ ಮಂಜುಳಾ, ತಮ್ಮ ವಂಶದ ಹದಿನಾರು ಆವೃತ್ತಿಗಳ ಸೀಡಿಗಳನ್ನು ಹರಡಿಕೊಂಡಳು. ತೋಟದ ಪೈಪು ಎಲ್ಲಿ ಕಟ್ಟಿಕೊಂಡಿದೆಯೆಂದು ನಡುವೆ ಬಿಚ್ಚಿ ನೋಡುವಂತೆ, ನಡುವಿನ ಆವೃತ್ತಿ ಹಾಕುವುದು, ಟ್ಯಾಬ್ ತಟ್ಟುವುದು, ಪಟ್ಟಿ ಬಂದರೆ ಮುಂದಕ್ಕೆ, ಬಾರದಿದ್ದರೆ ಹಿಂದಕ್ಕೆ. ನಾಲ್ಕನೇ ಸಲಕ್ಕೆ ಹದಿಮೂರನೆಯದು ಸಿಕ್ಕಿಬಿತ್ತು. ಅದರ ಟಿಪ್ಪಣಿ ಒಂದೇ ಸಾಲು: ‘ಬಳಕೆದಾರರಿಗೆ ಆಯ್ಕೆಯ ಕಷ್ಟ ತಪ್ಪಿಸಲಾಗಿದೆ.’ ಇಷ್ಟು ಕರುಣೆಯನ್ನು ನಾವು ಚುನಾವಣೆಯಲ್ಲೂ ಕಂಡಿಲ್ಲ.

ತಮ್ಮನ್ನು ಕಿತ್ತೆಸೆಯಬೇಕೆನ್ನುವಷ್ಟರಲ್ಲಿ ಮಹಜರಿನ ಪ್ರತಿ ಬಂತು. ‘ಕೇರಿಯಿಂದ ಸ್ಮಶಾನಕ್ಕೆ ಹೋಗುವ ಹತ್ತಡಿ ಅಗಲದ ದಾರಿಯುದ್ದಕ್ಕೂ, ಅಡ್ಡ ಹಾಕಿದ್ದ ಬೇಲಿ ಸರಿಸಿ ಹುಡುಕಲಾಗಿ, ಸದರಿ ಹಸು ಕಂಡುಬಂದಿರುವುದಿಲ್ಲ.’ ಕೆಳಗೆ ಸಹಿ, ಮೊಹರು. ಇಲ್ಲದ ದಾರಿಯನ್ನು ಸಾಹೇಬರು ಅಳೆದು, ನಡೆದು, ಬರೆದುಕೊಟ್ಟಿದ್ದಾರೆ.

ಆದುದರಿಂದ ಮಾನ್ಯರೇ, ದೂರನ್ನು ಹಿಂಪಡೆದು, ಮುಂದಿನ ಆವೃತ್ತಿಯಲ್ಲಿ ಟ್ಯಾಬ್ ತಟ್ಟಿದೊಡನೆ ಬೇಲಿಯೂ ತಾನಾಗಿ ಸುರುಳಿ ಸುತ್ತಿಕೊಳ್ಳುವಂತೆ ದಯಪಾಲಿಸಬೇಕೆಂದು ಒತ್ತಾಯಿಸುತ್ತೇವೆ.

ತಮ್ಮ ಕೀಲಿ ತಟ್ಟಿ ಬೆರಳು ಸವೆದ ವಿಶ್ವಾಸಿ,
ನಟರಾಜ್
(ಸಂಘದ ಅರ್ಜಿ ಬರೆಯುವವನು)

ವಿ.ಸೂ.: ಮಹಜರು ಲಗತ್ತಿಸಿದ ಸಣ್ಣತಾಯಮ್ಮನವರ ಹೊಸ ಅರ್ಜಿಯನ್ನು ಕೈಯಲ್ಲೇ ಬರೆದು, ಎರಡು ಸಲ ಓದಿ ಕೊಟ್ಟಿದ್ದೇವೆ. ಕೆಂಚಯ್ಯನವರ ಹಸು ಕಳೆದುಹೋದ ದಿನ ಸಂಜೆಗೇ ತಾನಾಗಿ ಕೊಟ್ಟಿಗೆಗೆ ಬಂದಿತ್ತು. ದಯವಿಟ್ಟು ಕಚೇರಿಗೆ ತಿಳಿಸಬೇಡಿ. ಇನ್ನೂ ನೂರಾ ಮೂವತ್ತೆಂಟು ಅರ್ಜಿಗಳ ಜಾಗಗಳಲ್ಲಿ ಅದನ್ನು ಹುಡುಕಿಸುವುದಿದೆ.