ಉಪನಾಯಕರ ಹೊಗೆಯಿಲ್ಲದ ಒಲೆ

"ನಾನು ಸೌದೆ ಒಲೆ ಹಾಕಿಸಿದ್ರೆ ಕಾನೂನೇ ಬಂದು ಕೈ ಮುಗೀಬೇಕು, ಹಾಗೆ ಹಾಕಿಸ್ತೀನಿ!" ಎಂದು ಕುರಾಶಿನಾ ಮಿತ್ಸುಹಾರು ಘೋಷಿಸಿದ. ಹೆಂಡತಿ ಸಾಚಿಯೆ ಕಾಲು ಬೆಚ್ಚಗಿಡುವ ಬಿಸಿಮೇಜಿನ ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡು, "ಚಳಿ ಮುಗಿಯೋದ್ರೊಳಗೆ ಆಗುತ್ತಾ ರೀ?" ಎಂದಷ್ಟೇ ಕೇಳಿದಳು.

ನಾಗಾನೋ ಸೀಮೆಯ ಆ ಸೇಬಿನ ಊರಿನಲ್ಲಿ ಬೆಂಕಿ ಆರಿಸುವವರು ಊರವರೇ. ಮಿತ್ಸುಹಾರು ಆ ದಳದ ಉಪನಾಯಕ. ಮುದಿ ನಾಯಕ ಯಾನಾಗಿಸಾವಾ ಚಳಿಗಾಲದ ಕೊನೆಯಲ್ಲಿ ಒಂದು ಭಾನುವಾರದ ಸಭೆಯಲ್ಲಿ ಕೆಳಗಿಳಿಯುವವರಿದ್ದರು. ಊರವರು ಒಪ್ಪಿದರೆ ನಾಯಕನ ಟೋಪಿ ಇವನಿಗೆ. ಅದಕ್ಕಾಗಿ ಪ್ರಾಣ ಬಿಡಲೂ ಆತ ಸಿದ್ಧ!

ಹೀಗಾಗಿ ಒಲೆ ಅರಮನೆಯ ಠೀವಿಯಲ್ಲಿ ಎದ್ದಿತು. ಕೆಳಗೆ ಇಟ್ಟಿಗೆಯ ಕಟ್ಟೆ, ಗೋಡೆಗೆ ಬೆಂಕಿ ತಾಗದ ಹಲಗೆ, ಮೇಲೆ ಜೋಡಿಪದರದ ಚಿಮಣಿ. ತಪಾಸಣೆಗೆ ಬಂದವರು ತಪ್ಪು ಹುಡುಕಿ ಹುಡುಕಿ ಸುಸ್ತಾಗಿ ಚಹಾ ಕುಡಿದು ಹೋದರು. ಆಮೇಲೆ ಮಿತ್ಸುಹಾರು ಮನೆಮನೆಗೆ ಹೋಗಿ, ಅಲ್ಲಿನ ವಾಡಿಕೆಯಂತೆ ಒಂದೊಂದು ಟವೆಲ್ ಕೊಟ್ಟು, ಬಗ್ಗಿ ಬಗ್ಗಿ, "ನಮ್ಮ ಹೊಗೆಯಿಂದ ತಮಗೆ ತೊಂದರೆ ಆಗಬಹುದು" ಎಂದು ಮುಂಗಡವಾಗಿ ಕ್ಷಮೆ ಕೇಳಿಬಂದ.

ಟವೆಲ್ ತೆಗೆದುಕೊಂಡವರು ಪ್ರತಿಕಾಣಿಕೆ ಕೊಡದೆ ಸುಮ್ಮನಿರುತ್ತಾರೆಯೇ? ತೋಟದಲ್ಲಿ ಆಗಷ್ಟೇ ಸವರಿದ ಸೇಬಿನ ಕೊಂಬೆಗಳು ಹೊರೆಹೊರೆಯಾಗಿ ಅಂಗಳಕ್ಕೆ ಬಂದು ಬಿದ್ದವು. ಎಲ್ಲವೂ ಹಸಿ! ಮಿತ್ಸುಹಾರು ಅವನ್ನು ಒಣಗಲು ಒಟ್ಟಿ, ತನ್ನ ಒಣಸೌದೆ ಉರಿಸಿದ. ಚಿಮಣಿಯಿಂದ ಎಳೆಯಷ್ಟೂ ಹೊಗೆಯಿಲ್ಲ. ಎದೆಯುಬ್ಬಿಸಿ ನಿಂತ.

ಸಭೆಗೆ ಮುಂಚಿನ ಶುಕ್ರವಾರ ಪಕ್ಕದ ಮನೆಯ ತೋಕಿಯೆ ಅಜ್ಜಿ ಬೇಲಿಯಾಚೆಯಿಂದ ಇಣುಕಿದಳು.

"ಕುರಾಶಿನಾ ಅವರೇ, ಹೊಗೇನೇ ಕಾಣಲ್ವಲ್ಲ? ನಮ್ಮ ಸೌದೆ ನಿಮ್ಮ ಒಲೆಗೆ ಹಿಡಿಸಲಿಲ್ಲ ಅಂತ ಬೀದಿಯವರೆಲ್ಲ ಬೇಜಾರು ಮಾಡ್ಕೊಂಡಿದ್ದಾರೆ. ನಾನೇನೂ ಹೇಳಲ್ಲಪ್ಪ."

ಟೋಪಿ ಕಣ್ಣೆದುರೇ ಹಾರಿಹೋದಂತಾಯಿತು! ಮಿತ್ಸುಹಾರು ಓಡಿಬಂದು ಹಸಿ ಸೌದೆಯನ್ನು ಒಲೆಗೆ ತುರುಕಿದ.

"ರೀ, ಹಸಿ ಸೌದೆ ಹಾಕ್ಬಾರದು ಅಂತ ಊರಿಗೆಲ್ಲ ಭಾಷಣ ಬಿಗಿದೋರು ನೀವೇ ಅಲ್ವಾ?"

"ಭಾಷಣ ಬೇರೆ, ಬಾಂಧವ್ಯ ಬೇರೆ! ಸ್ವಲ್ಪ ಹೊಗೆ ಕಾಣಿಸಿದ್ರೆ ಸಾಕು."

ಸ್ವಲ್ಪವೇ? ಚಿಮಣಿ ಕರಿಮೋಡ ಕಾರಿತು. ಏನಾಯಿತೆಂದು ಒಲೆಯ ಬಾಗಿಲು ತೆರೆದದ್ದೇ ತಡ, ಉಳಿದ ಮೋಡ ಮನೆಯೊಳಕ್ಕೆ ನುಗ್ಗಿತು. "ಬೆಂಕಿ! ಬೆಂಕಿ!" ಎಂದು ಸೂರಿನ ಎಚ್ಚರಿಕೆ ಯಂತ್ರ ಹೆಣ್ಣುದನಿಯಲ್ಲಿ ಕಿರುಚತೊಡಗಿತು. ಒಲೆಯ ಬಾಗಿಲು ಮುಚ್ಚಿ ಕಿಟಕಿಗಳನ್ನೆಲ್ಲ ತೆರೆಯುತ್ತಿರುವಾಗಲೇ ಊರಿನ ಗೋಪುರದ ಸೈರನ್ ಮೊಳಗಿತು.

ಮಿತ್ಸುಹಾರು ಸೆಟೆದು ನಿಂತ. "ಎಲ್ಲೋ ನಿಜವಾಗ್ಲೂ ಬೆಂಕಿ ಬಿದ್ದಿದೆ! ನಾನು ಹೊರಟೆ!"

"ರೀ, ನಿಲ್ಲಿ, ಅದು..." ಎಂದು ಸಾಚಿಯೆ ಕೆಮ್ಮಿದಳು.

"ಹೊಗೆಗೆಲ್ಲ ಹೆದರಬೇಡ, ಹೊರಗೆ ನಿಂತ್ಕೋ! ಅಲ್ಲಿ ಪಾಪ ಯಾರದೋ ಮನೆ ಉರೀತಿದೆ!"

ಸಮವಸ್ತ್ರ ಸಿಕ್ಕಿಸಿಕೊಂಡು ಓಡಿದ. ಎಲ್ಲರಿಗಿಂತ ಮೊದಲು ದಳದ ಠಾಣೆ ಮುಟ್ಟಿ, ಉಳಿದವರು ಬರುತ್ತಿದ್ದಂತೆ ಬೆಂಕಿ ಆರಿಸುವ ಗಾಡಿಯ ಮುಂದಿನ ಸೀಟಿಗೆ ಹಾರಿ ಕುಳಿತು ಗರ್ಜಿಸಿದ: "ಯಾರ ಮನೆ?"

ಗಾಡಿ ಓಡಿಸುವವನು ತಲೆ ತಗ್ಗಿಸಿದ. "ತಮ್ಮದೇ, ಸಾರ್."

ಗಾಡಿ ಬಂದಾಗ ಬೀದಿಯೆಲ್ಲ ಗೇಟಿನ ಮುಂದಿತ್ತು. ತೋಕಿಯೆ ಅಜ್ಜಿಯ ಕಣ್ಣಲ್ಲಿ ಆನಂದಬಾಷ್ಪ, ಅಥವಾ ಹೊಗೆಯ ನೀರು. "ನೋಡಿ, ನಮ್ಮ ಸೌದೆ ಎಷ್ಟು ಚೆನ್ನಾಗಿ ಉರೀತಿದೆ!"

ಮುದಿ ನಾಯಕರು ಒಲೆಯನ್ನೂ ಉಪನಾಯಕನನ್ನೂ ನೋಡಿ ತಮ್ಮ ಟೋಪಿಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡರು. "ಇನ್ನೊಂದು ವರ್ಷ ನಾನೇ ಇರ್ತೀನಪ್ಪ. ನೀನು ಮೊದಲು ನಿನ್ನ ಮನೆ ನೋಡ್ಕೋ."

ಮರುದಿನ ಸಾಚಿಯೆ ಟವೆಲ್ಲುಗಳ ಕಟ್ಟನ್ನು ಗಂಡನ ಕೈಗಿಟ್ಟಳು. "ಹೊರಡಿ. ಈ ಸಲ ನಿಜವಾದ ತಪ್ಪಿಗೆ ಕ್ಷಮೆ ಕೇಳ್ಕೊಂಡು ಬನ್ನಿ."

ಮಿತ್ಸುಹಾರು ಮೊದಲ ಬಾಗಿಲಲ್ಲಿ ಸೊಂಟ ಮುರಿಯುವಷ್ಟು ಬಗ್ಗಿದ. ತೋಕಿಯೆ ಅಜ್ಜಿ ಎರಡೂ ಕೈಯಲ್ಲಿ ಟವೆಲ್ ಸ್ವೀಕರಿಸಿದಳು.

"ಅಯ್ಯೋ, ಮತ್ತೆ ಇದೆಲ್ಲ ಯಾಕೆ? ಇರಿ, ನಿಮ್ಮನ್ನ ಬರಿಗೈಲಿ ಕಳಿಸೋಕಾಗುತ್ತಾ?" ಎಂದು ಹಿತ್ತಿಲಿಗೆ ಓಡಿ, ಬೆಳಿಗ್ಗೆಯಷ್ಟೇ ಕಡಿದ ಸೇಬಿನ ಕೊಂಬೆಗಳ ಹೊರೆಯನ್ನು ಎಳೆದುಕೊಂಡು ಬಂದಳು.