ಅವಳ ಅಂಬಾಸಿಡರಿಗೆ ಬ್ರೇಕ್ ಹುಡುಕಿದ್ದು

ಹಳೆಯ ಕಾರು ಇರುವ ಮನೆಗೆ ನಗೆಯ ಪ್ರಸಂಗಗಳು ಕರೆಯದೆಯೇ ಬರುತ್ತವೆ. ನಮ್ಮಲ್ಲಿರುವುದು ಹಸಿರು ಬಣ್ಣದ ಅಂಬಾಸಿಡರ್. ನನ್ನ ಹೆಂಡತಿಗೆ ಅವಳ ಅಪ್ಪನಿಂದ ಬಂದದ್ದು. ಅವಳು ಹೊಸನಗರದ ಕಡೆಯ ಹಳ್ಳಿಗಳಲ್ಲಿ ನರ್ಸ್ ಆಗಿದ್ದಳು. ಕಾರು ಓಡಿಸುತ್ತಿದ್ದವಳು ಅವಳೇ. ಹೈಸ್ಕೂಲಿನಲ್ಲಿ ಗಣಿತ ಹೇಳುವ ನಾನು ರಜೆಯ ದಿನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದೆ. ಹೋದ ವರ್ಷ ಮಳೆ ಹಿಡಿಯುವ ಮೊದಲು ಅವಳು ತೀರಿಕೊಂಡಳು. ಕಾರು ಶೆಡ್ಡಿನಲ್ಲೇ ನಿಂತಿತು. ಅದರ ನೋಂದಣಿ ನವೀಕರಿಸುವ ಸಮಯ ಬಂದಾಗ ನೆಂಟರೆಲ್ಲ ಹೇಳಿದ್ದು ಒಂದೇ ಮಾತು: "ಗುಜರಿಗೆ ಹಾಕಿ." ನಾನು ಕಾರು ತೊಳೆದು ಸಾಗರಕ್ಕೆ ಹೊರಟೆ.

ಪರೀಕ್ಷೆ

ಸಾರಿಗೆ ಕಚೇರಿಯ ಬಯಲಿನಲ್ಲಿ ಇನ್‌ಸ್ಪೆಕ್ಟರರು ನಾನು ಕೂರುತ್ತಿದ್ದ ಸೀಟಿನಲ್ಲಿ ಕೂತರು. ಅವಳು ಕೂರುತ್ತಿದ್ದ ಕಡೆ ನಾನು ಕೂತೆ. ದಾರಿಯುದ್ದಕ್ಕೂ ಎರಡು ಸಲ ತುಳಿದರೆ ಹಿಡಿಯುತ್ತಿದ್ದ ಬ್ರೇಕು ಅಲ್ಲಿ ಮಾತ್ರ ಕೈಕೊಟ್ಟಿತು.

"ಎಲ್ಲಿ, ಬ್ರೇಕ್ ಹಾಕಿ," ಎಂದರು ಅವರು.

"ಹಾಕಿದ್ದೇನೆ ಸರ್."

"ಯಾವಾಗ?"

"ಆ ಬೇವಿನ ಮರದ ಹತ್ತಿರ."

ಅವರು ಹಿಂತಿರುಗಿ ನೋಡಿದರು. ಬೇವಿನ ಮರ ಆಗಲೇ ಸಾಕಷ್ಟು ಹಿಂದೆ ಉಳಿದಿತ್ತು. ಕಾರು ನಿಧಾನವಾಗಿ, ಯಾರಿಗೂ ತೊಂದರೆ ಕೊಡದೆ, ಕಾಂಪೌಂಡಿನ ಮೂಲೆಯ ಮರಳು ರಾಶಿಗೆ ಮೂಗು ತಾಗಿಸಿ ನಿಂತಿತು. ಇನ್‌ಸ್ಪೆಕ್ಟರರು ಒಳ್ಳೆಯವರು. ಇಳಿದು, ಅಂಗಿ ಕೊಡವಿಕೊಂಡು ಹೇಳಿದರು:

"ಮೇಷ್ಟ್ರೆ, ಇಂಜಿನ್ ಪಾಸು, ಹಾರ್ನ್ ಪಾಸು, ಲೈಟು ಪಾಸು. ನಿಲ್ಲೋದು ಒಂದೇ ಸಬ್ಜೆಕ್ಟಲ್ಲಿ ಫೇಲು. ಇನ್ನೊಂದು ಸಲ ಕೂರಿಸ್ತೀನಿ. ಅದರಲ್ಲೂ ಆಗ್ಲಿಲ್ಲ ಅಂದ್ರೆ ಗುಜರಿಗೆ ಟಿ.ಸಿ. ಕೊಟ್ಬಿಡಿ."

ಘಾಟಿಯ ಬ್ರೇಕು

ಸಾಗರದ ಮೆಕ್ಯಾನಿಕ್ ಚಕ್ರ ಬಿಚ್ಚಿ ಕಾರಣ ಹೇಳಿದ. ಎಡಗಡೆಯ ಹಿಂದಿನ ಚಕ್ರದ ಡ್ರಮ್ ಸವೆದು ತೆಳ್ಳಗಾಗಿದೆ. ಡ್ರಮ್ ಎಂದರೆ ಚಕ್ರದ ಒಳಗೆ ತಿರುಗುವ ಕಬ್ಬಿಣದ ಬೋಗುಣಿ. ಬ್ರೇಕ್ ತುಳಿದಾಗ ಲೈನರ್ ಅದನ್ನೇ ಒತ್ತಿ ಹಿಡಿಯಬೇಕು.

"ವಾಷರು, ಲೈನರು ಎಲ್ಲ ನಾನು ಹೊಂದಿಸ್ತೀನಿ ಸಾರ್. ಡ್ರಮ್ ಮಾತ್ರ ನೀವೇ ಹುಡುಕ್ಬೇಕು. ಎಲ್ಲಾದ್ರೂ ಸಿಕ್ರೆ ನನಗೂ ಒಂದು ಫೋಟೋ ಕಳ್ಸಿ. ನೋಡಿ ಸುಮಾರು ವರ್ಷ ಆಯ್ತು."

ತೀರ್ಥಹಳ್ಳಿಯಲ್ಲಿ ಹಳೆಯ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದಿದೆ. ಹೋಗಿ ಅಂಬಾಸಿಡರ್ ಡ್ರಮ್ ಕೇಳಿದೆ. ಮಾಲೀಕರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಕೂತ್ಕಳಿ ಸಾರ್. ನಾನು ಹುಟ್ಟಿದ್ದೇ ಅಂಬಾಸಿಡರಲ್ಲಿ!"

ಇದರಲ್ಲಿ ಆಶ್ಚರ್ಯವಿರಲಿಲ್ಲ. ನಮ್ಮ ಕಡೆ ಒಂದು ವಯಸ್ಸಿನ ಮೇಲಿನವರಲ್ಲಿ ಅನೇಕರು ಬಾಡಿಗೆ ಅಂಬಾಸಿಡರಿನಲ್ಲಿ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹುಟ್ಟಿದವರು. ಅಂಥ ಕಥೆಗಳನ್ನು ನನ್ನ ಹೆಂಡತಿ ಊರೂರಿನಿಂದ ತರುತ್ತಿದ್ದಳು. ಹಾಗಾಗಿ ಕೂತು ಕೇಳಿದೆ.

"ನಮ್ಮಮ್ಮನ್ನ ಮಣಿಪಾಲಕ್ಕೆ ಕರ್ಕೊಂಡು ಹೊರಟಿದ್ರಂತೆ. ಆಗುಂಬೆ ಘಾಟಿ ಇಳೀತಾ ಇದ್ರು. ತಿರುವಲ್ಲಿ ಎದುರಿಗೆ ಲಾರಿ ಬಂತು. ಡ್ರೈವರು ಗಕ್ಕನೆ ಬ್ರೇಕ್ ಹಾಕಿದ ನೋಡಿ. ಕಾರು ಅಲ್ಲೇ ನಿಂತ್ಬಿಡ್ತು, ನಾನು ಹೊರಗೆ ಬಂದೆ!"

"ಆ ಡ್ರಮ್ಮು ನಿಮ್ಮಲ್ಲಿ ಇದೆಯೇ?"

"ಅಂಥ ಬ್ರೇಕು ಈಗೆಲ್ಲಿ ಸಾರ್," ಎಂದು ಅವರು ನಿಟ್ಟುಸಿರು ಬಿಟ್ಟರು. "ಈಗಿನ ಕಾರಲ್ಲಿ ಹೋಗಿ ನೋಡಿ. ಎಲ್ಲ ಮಕ್ಕಳೂ ಆಸ್ಪತ್ರೆಗೆ ಹೋಗಿಯೇ ಹುಟ್ತವೆ."

ಕಾವಿಗೆ ಕೂತ ಕಾರು

ಅದೇ ಮಾಲೀಕರು ಕಾರ್ಗಲ್ಲಿನ ಒಬ್ಬರ ವಿಳಾಸ ಹೇಳಿದರು. ಅವರು ನಿವೃತ್ತ ಡ್ರೈವರು. ಮನೆಯ ಹಿತ್ತಲಲ್ಲಿ ಅವರದೇ ಒಂದು ಅಂಬಾಸಿಡರ್ ಇತ್ತು. ಸುತ್ತ ಸೊಂಟದೆತ್ತರ ಗಿಡ ಬೆಳೆದು, ಮೇಲಿನ ಅರ್ಧ ಕಾರು ಮಾತ್ರ ಕಾಣುತ್ತಿತ್ತು. ನಾನು ಹತ್ತಿರ ಹೋಗುವಷ್ಟರಲ್ಲಿ ಅವರು ತಡೆದರು.

"ಬ್ರೇಕು ಇದೆ, ಆದ್ರೆ ಈಗ ಬ್ಯಾಡ ಮಾರಾಯ್ರೆ. ಹಿಂದಿನ ಸೀಟಲ್ಲಿ ಕೋಳಿ ಕಾವಿಗೆ ಕೂತದೆ. ಅಲುಗಾಡಿಸಿದ್ರೆ ಎದ್ದುಬಿಡ್ತದೆ. ಮರಿ ಆದ ಮೇಲೆ ಬನ್ನಿ."

ನಾನು ಒಪ್ಪಿದೆ. ಅಷ್ಟರೊಳಗೆ ಎರಡು ಸಲ ಫೋನ್ ಮಾಡಿ ಕೋಳಿಯ ಆರೋಗ್ಯ ವಿಚಾರಿಸಿದೆ. ಮರಿಗಳಾದ ಸುದ್ದಿ ಬಂದ ಭಾನುವಾರ ಮೆಕ್ಯಾನಿಕ್ಕನನ್ನೂ ಕರೆದುಕೊಂಡು ಹೋದೆ. ಅವನು ಕತ್ತಿ ಹಿಡಿದು ಗಿಡ ಸವರಿ, ಬಗ್ಗಿ ನೋಡಿ, ಹಾಗೇ ಮಣ್ಣಿನಲ್ಲಿ ಕೂತುಬಿಟ್ಟ. ಕಾರು ನಾಲ್ಕು ಕೆಂಪುಕಲ್ಲಿನ ಮೇಲೆ ನಿಂತಿತ್ತು. ಚಕ್ರಗಳೇ ಇರಲಿಲ್ಲ.

"ಯಜಮಾನ್ರೆ, ಬ್ರೇಕ್ ಇದೆ ಅಂದಿದ್ರಲ್ಲ?" ಎಂದ.

"ಇಲ್ದೆ ಎಂತ? ಮಗಳ ಮದುವೆ ಆದಾಗಿಂದ ಒಂದು ಇಂಚು ಅಲುಗಿಲ್ಲ. ಇದಕ್ಕಿಂತ ಒಳ್ಳೆ ಬ್ರೇಕು ಈ ತಾಲ್ಲೂಕಲ್ಲಿ ಇದ್ರೆ ತೋರ್ಸು."

ಶಾಲೆಯ ಗಂಟೆ

ಆದರೂ ಹೊರಡುವಾಗ ಆ ನಿವೃತ್ತ ಡ್ರೈವರು ಒಂದು ಮಾತು ಹೇಳಿದರು. ಚಕ್ರಗಳನ್ನು ಬಿಚ್ಚಿ ಮಾರಿದಾಗ, ಹೊಸದಾಗಿ ಹಾಕಿಸಿದ್ದ ಹಿಂದಿನ ಡ್ರಮ್ಮೊಂದನ್ನು ಮಾತ್ರ ಅವರು ತಂಗಿಯ ಊರಿನ ಶಾಲೆಗೆ ಕೊಟ್ಟಿದ್ದರಂತೆ. ಹೊಸನಗರ ತಾಲ್ಲೂಕಿನಲ್ಲಿ, ಹಿನ್ನೀರಿನ ಅಂಚಿನ ಕಿರಿಯ ಪ್ರಾಥಮಿಕ ಶಾಲೆ ಅದು. ಅಲ್ಲಿ ಗಂಟೆ ಇರಲಿಲ್ಲ.

ಹೋಗಿ ನೋಡಿದರೆ ಡ್ರಮ್ಮು ನೇರಳೆ ಮರಕ್ಕೆ ನೇತಾಡುತ್ತಿತ್ತು. ಬಡಿದು ಬಡಿದು ಅಂಚು ಹೊಳೆಯುತ್ತಿತ್ತೇ ಹೊರತು ಒಳಗೆ ಒಂದು ಗೆರೆಯೂ ಸವೆದಿರಲಿಲ್ಲ. ಮೇಷ್ಟ್ರಾದವನು ಇನ್ನೊಂದು ಶಾಲೆಯ ಗಂಟೆ ಕೇಳುವುದು ಹೇಗೆ? ಬಹಳ ಹೊತ್ತು ಮಳೆ-ಬೆಳೆಯ ಮಾತಾಡಿ, ಕೊನೆಗೆ ಕೇಳಿದೆ. ಮುಖ್ಯ ಶಿಕ್ಷಕಿ ಗಾಬರಿಯಾಗಿ ಶಾಲಾ ಸಮಿತಿಯ ಅಧ್ಯಕ್ಷೆಯನ್ನು ಕರೆಸಿದರು. ಗದ್ದೆಯಿಂದ ಹಾಗೇ ಬಂದ ಗಟ್ಟಿಮುಟ್ಟಾದ ಹೆಂಗಸು. ಕೈಯಲ್ಲಿ ಕತ್ತಿ ಇತ್ತು.

"ಆಗೂದಿಲ್ಲ ಮೇಷ್ಟ್ರೆ. ಮಕ್ಕಳ ಮಾತು ಹಾಗಿರ್ಲಿ, ಇಡೀ ಊರು ಅನ್ನಕ್ಕೆ ಇಡೂದು ಈ ಗಂಟೆ ಕೇಳಿ. ನಿಮ್ಮ ಕಾರು ನಿಲ್ಲೂದಕ್ಕೆ ನಮ್ಮ ಒಲೆ ಆರಿಸ್ಬೇಕಾ? ಬೇರೆ ಕಾರು ತಗಳಿ."

"ಬೇರೆ ಕಾರು ಬೇಡಮ್ಮ," ಎಂದೆ. "ಅದು ನನ್ನ ಹೆಂಡತಿಯದು. ಅವಳು ಈಗಿಲ್ಲ. ಬ್ರೇಕ್ ಆಗದಿದ್ದರೆ ಅದೂ ಗುಜರಿಗೆ ಹೋಗುತ್ತದೆ."

ಆಕೆ ಕತ್ತಿ ಕೆಳಗಿಳಿಸಿ ಕೇಳಿದಳು, "ಹಸಿರು ಕಾರಾ?"

"ಹೌದು."

"ಅಯ್ಯೋ, ನರ್ಸಮ್ಮನ ಕಾರು! ಪೋಲಿಯೋ ಹಾಕೂಕೆ ಬರ್ತಿದ್ರಲ್ಲ ಟೀಚರ್? ಆ ಕಾರಿನ ಸದ್ದು ಕೇಳಿದ್ರೆ ನಮ್ಮ ಮಕ್ಕಳು ಚುಚ್ತಾರೆ ಅಂತ ಗುಡ್ಡೆ ಹತ್ತಿ ಓಡ್ತಿದ್ವು. ಆಯಮ್ಮ ಅವುಗಳ ಹಿಂದೆ ಗುಡ್ಡೆ ಹತ್ತೂದು. ಕಾರಲ್ಲಿ ಐಸ್ ಡಬ್ಬಿ ತೊಡೆ ಮೇಲೆ ಇಟ್ಕಂಡು ಒಬ್ಬ ಕ್ಲೀನರ್ ಕೂತಿರ್ತಿದ್ದ. ಪಾಪ, ಬಾಯಿ ಬರ್ತಿತ್ತೋ ಇಲ್ವೋ."

"ಆ ಕ್ಲೀನರ್ ನಾನೇ," ಎಂದೆ.

ಮುಖ್ಯ ಶಿಕ್ಷಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಧ್ಯಕ್ಷೆ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನೂ ಆಗಿಲ್ಲವೆಂಬಂತೆ ಮರದ ಕಡೆ ತಿರುಗಿ, ಕತ್ತಿಯಿಂದ ಹಗ್ಗ ಕೊಯ್ದಳು. "ತಗಳಿ. ಬದಲಿಗೆ ಎಂತಾದ್ರೂ ಬಡಿಯೂದು ತಂದು ಕಟ್ಟಿ."

ಬದಲಿಗೆ ಕಟ್ಟಿದ್ದು ನಮ್ಮ ಕಾರಿನ ಹಳೆಯ ಡ್ರಮ್ಮನ್ನೇ. ಸವೆದು ತೆಳ್ಳಗಾಗಿದ್ದರಿಂದ ಅದರ ದನಿ ಮೊದಲಿನದಕ್ಕಿಂತ ಸಣ್ಣಗೆ, ಉದ್ದಕ್ಕೆ ಹೋಗುತ್ತಿತ್ತು. ಆ ಊರುಗಳ ಇಳಿಜಾರಿನಲ್ಲಿ ನನ್ನ ಹೆಂಡತಿಯ ಕಾಲು ಬ್ರೇಕ್ ತುಳಿದು ತುಳಿದು ಸವೆಸಿದ ಕಬ್ಬಿಣ ಅದು. ಇನ್ನೊಂದು ಸಲ ಬಡಿಯಿರಿ ಎಂದೆ. ಬಡಿದರು.

ಸಾಗರದ ಮೆಕ್ಯಾನಿಕ್ ಗಂಟೆಯನ್ನು ಲೇತಿಗೆ ಕೊಟ್ಟು ಒಳಮೈ ಹದ ಮಾಡಿಸಿ ಚಕ್ರಕ್ಕೆ ಕೂರಿಸಿದ. ಕಾರು ಪಾಸಾಯಿತು. ಅಲ್ಲಿಂದ ನೇರ ಆ ಶಾಲೆಗೆ ಹೋದೆ, ಒಂದು ಡಬ್ಬಿ ಮೈಸೂರುಪಾಕು ತೆಗೆದುಕೊಂಡು. ಅಲ್ಲಿ ಗಲಾಟೆ ನಡೆದಿತ್ತು. ಹಿನ್ನೀರಿನ ಆಚೆ ದಡದ ಹಿರಿಯ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರು ಸ್ಕೂಟರಿನಲ್ಲಿ ಸುತ್ತು ಬಳಸಿ ಬಂದು ನಿಂತಿದ್ದರು.

"ನಿಮ್ಮ ಹೊಸ ಗಂಟೆ ನೀರಿನ ಮೇಲೆ ತೇಲಿ ನಮ್ಮಲ್ಲಿಗೂ ಬರ್ತದೆ. ನಿಮ್ಮ ಚಿಕ್ಕ ಮಕ್ಕಳನ್ನ ನೀವು ಬೇಗ ಬಿಡ್ತೀರಿ. ನಮ್ಮ ಏಳನೇ ಕ್ಲಾಸಿನವರು ಅದನ್ನೇ ಕೇಳಿ ಚೀಲ ಹಾಕ್ಕೊಂಡು ಓಡ್ತಾರೆ! ನಾವು ಬಡಿಯೂದು ಒಂದು ರೈಲು ಕಂಬಿ ತುಂಡು. ಅದನ್ನ ಯಾರೂ ಲೆಕ್ಕಕ್ಕೇ ಇಟ್ಟಿಲ್ಲ!"

ಮುಖ್ಯ ಶಿಕ್ಷಕಿ ನನ್ನ ಕಡೆ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ಅಷ್ಟು ನಕ್ಕು ಬಹಳ ದಿನವಾಗಿತ್ತು, ಕಣ್ಣು ಒರೆಸಿಕೊಳ್ಳಬೇಕಾಯಿತು. ಅಧ್ಯಕ್ಷೆ ಮೈಸೂರುಪಾಕಿನ ಡಬ್ಬಿಯನ್ನು ಹೆಡ್‌ಮಾಸ್ತರರ ಮುಂದೆ ಹಿಡಿದು ಸಮಾಧಾನ ಹೇಳಿದಳು.

"ಸಿಟ್ಟು ಮಾಡಬ್ಯಾಡಿ ಸಾರ್. ನಿಮಗೂ ಇಂಥದ್ದೇ ಗಂಟೆ ಬೇಕಾ? ನೋಡಿ, ಮೇಷ್ಟ್ರ ಕಾರಲ್ಲಿ ಹಳೇವು ಇನ್ನೂ ಮೂರು ಇದಾವೆ."

ಹೆಡ್‌ಮಾಸ್ತರರು ನಿಧಾನವಾಗಿ ತಿರುಗಿ ನಮ್ಮ ಕಾರಿನ ಚಕ್ರಗಳನ್ನು ಒಂದೊಂದಾಗಿ ನೋಡಿದರು. ಅಂದಿನಿಂದ ಆ ಊರಿಗೆ ಹೋದಾಗ ನಾನು ಕಾರಿನಿಂದ ಇಳಿಯುವುದಿಲ್ಲ. ಮೈಸೂರುಪಾಕನ್ನು ಕಿಟಕಿಯಿಂದಲೇ ಕೊಡುತ್ತೇನೆ.